ಗವಿಯೊಳಗೆ ಬರುವ ಸಂಕ್ರಾಂತಿ ಬಿಸಿಲು

ಮಕರ ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದು ಗವಿ ಗಂಗಾಧರೇಶ್ವರನ ಲಿಂಗದ ಮೇಲೆ ಸೂರ್ಯಕಿರಣ ಬೀಳುತ್ತದೆ. ಇಳಿಹೊತ್ತಿನ ಬಿಸಿಲು ಕಿಂಡಿಯಿಂದ ನುಸುಳಿ, ನಂದಿಯ ಕೊಂಬುಗಳ ನಡುವೆ ಹಾದು, ಗವಿಯ ಕತ್ತಲೆಯಲ್ಲಿರುವ ಲಿಂಗವನ್ನು ಬೆಳಗುತ್ತದೆ. ಅದೂ ಕೆಲವೇ ನಿಮಿಷ. 2021ರಲ್ಲಿ ಮೋಡ ಕವಿದು, ಕಾದವರಿಗೆ ನಿರಾಸೆಯಾಗಿತ್ತು.

ಗೌತಮ ಮಹರ್ಷಿ ಇಲ್ಲಿ ತಪಸ್ಸು ಮಾಡಿದನೆಂದು ಸ್ಥಳಪುರಾಣ. ವಿಜಯನಗರದ ರಾಮರಾಯನ ಸೆರೆಯಿಂದ ಬಿಡುಗಡೆಯಾದ ಕೆಂಪೇಗೌಡ ಈ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದನೆಂಬ ಕಥೆಯೂ ಇದೆ. ಅಂಗಳದಲ್ಲಿ ಕಲ್ಲಿನ ತ್ರಿಶೂಲ, ಡಮರು, ಸೂರ್ಯಪಾನ ಮತ್ತು ಚಂದ್ರಪಾನವೆಂಬ ಎರಡು ಭಾರೀ ಕಲ್ಲಿನ ಚಕ್ರಗಳಿವೆ.

ಸರಿ, ಸೂರ್ಯನಿಗೆ ಹಬ್ಬದ ದಿನ ಗೊತ್ತಾಗುವುದು ಹೇಗೆ? ಸೂರ್ಯ ಡಿಸೆಂಬರ್ 21 ಅಥವಾ 22ರವರೆಗೆ ದಕ್ಷಿಣಕ್ಕೆ ಸರಿದು, ಬಳಿಕ ಬಂದ ದಾರಿಯಲ್ಲೇ ಉತ್ತರಕ್ಕೆ ಹಿಂದಿರುಗುತ್ತಾನೆ. ಜನವರಿ 14 ಎಂದರೆ ತಿರುವಿನಿಂದ ಸುಮಾರು 24 ದಿನ. ತಿರುವಿಗೆ 24 ದಿನ ಮೊದಲೂ ಅವನು ಅದೇ ಜಾಗದಲ್ಲಿರಬೇಕಲ್ಲವೇ? ಹೌದು. ನವೆಂಬರ್ ಕೊನೆಯಲ್ಲೂ ಲಿಂಗದ ಮೇಲೆ ಬಿಸಿಲು ಬೀಳುತ್ತದೆ! ನೋಡಲು ಆಗ ನೂಕುನುಗ್ಗಲಿಲ್ಲ, ಅಷ್ಟೆ.

ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿ 2008ರಲ್ಲಿ ಪ್ರಕಟಿಸಿದರು. ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿತ್ರಕಾರರು 1792ರಲ್ಲಿ ಬರೆದ ಚಿತ್ರಗಳನ್ನೂ ಅವರು ಹೋಲಿಸಿದರು. ಆಗ ಇಷ್ಟು ಕಟ್ಟಡಗಳಿರಲಿಲ್ಲ. ಹಿಂದೆ ಬಿಸಿಲು ಒಳಬರುತ್ತಿದ್ದುದು ಸಂಕ್ರಾಂತಿಯಂದಲ್ಲ, ಸೂರ್ಯ ತಿರುಗುವ ದಿನಗಳಲ್ಲೇ ಎಂಬುದು ಅವರ ತೀರ್ಮಾನ. ಗೋಡೆಗಳು ಎದ್ದಂತೆ ಕಿರಣದ ದಿನವೂ ಬದಲಾಯಿತು.

ಇನ್ನೊಂದು ಸ್ವಾರಸ್ಯ. ಸುಮಾರು 1700 ವರ್ಷಗಳ ಹಿಂದೆ ಸಂಕ್ರಾಂತಿಯೂ ಉತ್ತರಾಯಣದ ಆರಂಭವೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಹಬ್ಬ ಸುಮಾರು 72 ವರ್ಷಕ್ಕೊಂದು ದಿನ ಮುಂದೆ ಹೋಗುತ್ತಿದೆ. ಈಚೆಗೆ ಜನವರಿ 15ರಂದೂ ಬರುವುದುಂಟು. ಗೋಡೆ, ಕಿಂಡಿಗಳು ಇದ್ದಂತೆಯೇ ಉಳಿದರೆ ಕೆಲವು ಶತಮಾನಗಳಲ್ಲಿ ಸಂಕ್ರಾಂತಿಯ ಕಿರಣ ಲಿಂಗವನ್ನು ತಪ್ಪಿಹೋದೀತು.

ಇದನ್ನು ಪರೀಕ್ಷಿಸಲು ಗವಿಪುರಕ್ಕೇ ಹೋಗಬೇಕೆಂದಿಲ್ಲ. ಪಶ್ಚಿಮದ ಕಿಟಕಿಯಿರುವ ಮನೆಯಲ್ಲಿ ನವೆಂಬರ್ 27ರ ಸಂಜೆ ಒಳಗಿನ ಗೋಡೆಯ ಮೇಲೆ ಬಿಸಿಲು ಬಿದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ವೇಳೆ ಬರೆದಿಡಿ. ಜನವರಿ 14ರಂದು ಬಿಸಿಲು ಹೆಚ್ಚುಕಡಿಮೆ ಆ ಗುರುತಿಗೇ ಬರುತ್ತದೆ. ಗಡಿಯಾರದಲ್ಲಿ ಮಾತ್ರ ಸುಮಾರು 20 ನಿಮಿಷ ತಡ.