ಕಲಾಶಾಲೆ ಮತ್ತು ಆಸ್ಪತ್ರೆಯ ಮಂಚ

ವೈದ್ಯಶಾಲೆ ರೋಗಕ್ಕೆ ಮದ್ದನ್ನು ಅರಸುತ್ತದೆ, ಎಂಜಿನಿಯರಿಂಗ್ ಶಾಲೆ ಸೇತುವೆ ಕಟ್ಟುವವರನ್ನು ತಯಾರುಮಾಡುತ್ತದೆ. ಚಿತ್ರ, ಶಿಲ್ಪ, ನೇಯ್ಗೆ, ವಿನ್ಯಾಸಗಳನ್ನು ಕಲಿಸುವ ಶಾಲೆಯಿಂದ ಸಮಾಜಕ್ಕೆ ಏನು ಪ್ರಯೋಜನ? ಉಂಡು ಉಟ್ಟು ಮಿಕ್ಕ ಮೇಲೆ ಗೋಡೆಗೊಂದು ಅಂದ ಎಂಬ ಉತ್ತರ ಬಾಯಿಬಿಟ್ಟು ಹೇಳದಿದ್ದರೂ ಎಷ್ಟೋ ಜನರ ಮನಸ್ಸಿನಲ್ಲಿ ಇದ್ದೇ ಇದೆ. ಆದರೆ ಕಳೆದ ಅರುವತ್ತು ವರ್ಷಗಳಲ್ಲಿ ಕಲಾಶಾಲೆಗಳು ದಾದಿಯರೊಡನೆ, ರಸಾಯನವಿಜ್ಞಾನಿಗಳೊಡನೆ, ಹಳ್ಳಿಯ ಕುಶಲಕರ್ಮಿಗಳೊಡನೆ ಕೂಡಿ ನಡೆಸಿದ ಸಂಶೋಧನೆಗಳನ್ನು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ಆರೋಗ್ಯ, ಪರಿಸರ, ಸಮುದಾಯ ಈ ಮೂರಕ್ಕೂ ಒಂದೊಂದು ನಿದರ್ಶನವನ್ನು ಇಲ್ಲಿ ಪರಿಶೀಲಿಸೋಣ.

ಮೊದಲನೆಯದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಸಂಬಂಧಿಸಿದ್ದು. 1960ರ ದಶಕದ ಆರಂಭದಲ್ಲಿ ಅಲ್ಲಿನ ಬ್ರೂಸ್ ಆರ್ಚರ್ ಎಂಬ ವಿನ್ಯಾಸತಜ್ಞರು ನಫೀಲ್ಡ್ ಪ್ರತಿಷ್ಠಾನದ ಧನಸಹಾಯದಿಂದ ಆಸ್ಪತ್ರೆಯ ಸಾಮಗ್ರಿಗಳ ಅಧ್ಯಯನಕ್ಕೆ ತೊಡಗಿದರು. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಬಿಟ್ಟು, ವಾರ್ಡಿನಲ್ಲಿ ಹಗಲಿರುಳು ಬಳಕೆಯಾಗುವ ಸಾಮಾನ್ಯ ವಸ್ತುಗಳನ್ನು ಅವರು ಆರಿಸಿಕೊಂಡರು. ಗಾಯದಿಂದ ತೆಗೆದ ಪಟ್ಟಿಗಳನ್ನು ಹಾಕುವ ಪಾತ್ರೆ. ರೋಗಿಗಳಿಗೆ ಔಷಧ ಹಂಚುವಾಗ ಆಗುವ ತಪ್ಪು. ಹೊಗೆ ತಡೆಯುವ ಬಾಗಿಲುಗಳಿಗೆ ಏನನ್ನಾದರೂ ಅಡ್ಡವಿಟ್ಟು ತೆರೆದೇ ಬಿಡುವ ಅಭ್ಯಾಸ. ಮತ್ತು ರೋಗಿ ಮಲಗುವ ಮಂಚ. ಇವು ನಾಲ್ಕು ಅವರು ಗುರುತಿಸಿದ ಸಮಸ್ಯೆಗಳು.

ಬಾಗಿಲಿನ ವಿಷಯವನ್ನೇ ನೋಡಿ. ಬೆಂಕಿ ಬಿದ್ದಾಗ ಹೊಗೆ ಹರಡಬಾರದೆಂದು ಇಟ್ಟ ಬಾಗಿಲನ್ನು ತೆರೆದಿಡುವುದು ಅಪಾಯಕರ. ತೆರೆದಿಡಬೇಡಿ ಎಂದು ಸುತ್ತೋಲೆ ಹೊರಡಿಸುವುದು ಆಡಳಿತದ ಮಾರ್ಗ. ಆದರೆ ಕೈತುಂಬ ಕೆಲಸವಿರುವವರು, ಗಾಡಿ ತಳ್ಳಿಕೊಂಡು ಹೋಗುವವರು ದಿನಕ್ಕೆ ಎಷ್ಟು ಸಲ ಆ ಬಾಗಿಲನ್ನು ತೆರೆದು ಮುಚ್ಚಿಯಾರು? ವಿದ್ಯುದಯಸ್ಕಾಂತವೊಂದು ಬಾಗಿಲನ್ನು ತೆರೆದೇ ಹಿಡಿದಿರಲಿ, ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸಿದೊಡನೆ ಅದು ತಾನಾಗಿ ಮುಚ್ಚಿಕೊಳ್ಳಲಿ ಎಂಬುದು ವಿನ್ಯಾಸಕಾರರು ಕಂಡುಕೊಂಡ ಪರಿಹಾರ. ಮನುಷ್ಯನ ಸ್ವಭಾವವನ್ನು ದಂಡಿಸುವ ಬದಲು ಅದನ್ನು ಅರಿತು ವಸ್ತುವನ್ನು ತಿದ್ದಿದ ಬಗೆ ಇದು.

ದಾರಿ ಸುಗಮವಾಗಿರಲಿಲ್ಲ. ಪಟ್ಟಿಗಳ ಪಾತ್ರೆಯ ಯೋಜನೆ ತಿರಸ್ಕೃತವಾಯಿತು, ಮೊದಲಿನ ಧನಸಹಾಯವೂ ನಿಂತಿತು. ಆರ್ಚರ್ ಐಸ್‌ಕ್ರೀಂ ಕಾರ್ಖಾನೆಯೊಂದರಲ್ಲಿ ದುಡಿದು ಜೀವನ ಸಾಗಿಸುತ್ತ ಸಂಶೋಧನೆಯನ್ನು ಮುಂದುವರಿಸಿದರು. ಮುಂದೆ ಕಿಂಗ್ಸ್ ಫಂಡ್ ಎಂಬ ದತ್ತಿಸಂಸ್ಥೆ ಮಂಚದ ಕಾರ್ಯವನ್ನು ಎತ್ತಿಕೊಂಡಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಗ ಬಗೆಬಗೆಯ ಮಂಚಗಳಿದ್ದವು. ರೋಗಿ ಇಳಿಯಲು ಮಂಚ ತಗ್ಗಾಗಿರಬೇಕು. ದಾದಿ ಬೆನ್ನು ಬಾಗಿಸದೆ ಶುಶ್ರೂಷೆ ಮಾಡಲು ಎತ್ತರವಾಗಿರಬೇಕು. ಈ ಎರಡು ಅಗತ್ಯಗಳಿಗೂ ಒಂದೇ ಮಂಚ ಹೊಂದುವುದು ಹೇಗೆ? ತಂಡದವರು ವಾರ್ಡಿನಲ್ಲಿ ನಿಂತು ದಾದಿಯರ ಕೆಲಸವನ್ನು ಗಮನಿಸಿದರು, ಮಾದರಿಗಳನ್ನು ಕಟ್ಟಿದರು, ಆಸ್ಪತ್ರೆಯಲ್ಲೇ ಅವನ್ನು ಪರೀಕ್ಷೆಗೊಡ್ಡಿದರು. ಕೆನೆತ್ ಆಗ್ನ್ಯೂ ರೂಪಿಸಿದ, ಎತ್ತರವನ್ನು ಏರಿಳಿಸಬಹುದಾದ ಮಂಚ ಸಿದ್ಧವಾಯಿತು. 1967ರಲ್ಲಿ ಅದರ ನಿಯಮಾವಳಿ ಪ್ರಕಟವಾಯಿತು. ‘ಕಿಂಗ್ಸ್ ಫಂಡ್ ಮಂಚ’ವೆಂದೇ ಹೆಸರಾದ ಅದು ಆ ದೇಶದ ಆಸ್ಪತ್ರೆಗಳಲ್ಲಿ ಬಹುಕಾಲ ಪ್ರಮಾಣವಾಗಿ ನಿಂತಿತು. ರಾಯಲ್ ಕಾಲೇಜ್ ತನ್ನದೇ ಪದವಿಗಳನ್ನು ಕೊಡುವ ವಿಶ್ವವಿದ್ಯಾಲಯದ ಸ್ಥಾನ ಪಡೆದುದೂ ಅದೇ ವರ್ಷ.

ಎರಡನೆಯ ನಿದರ್ಶನ ಗಾಳಿಗೆ ಸಂಬಂಧಿಸಿದ್ದು. ಲಂಡನ್ನಿನ ಕಲಾ ವಿಶ್ವವಿದ್ಯಾಲಯಕ್ಕೆ ಸೇರಿದ ಉಡುಪು ವಿನ್ಯಾಸ ಕಾಲೇಜಿನ ಹೆಲೆನ್ ಸ್ಟೋರಿ ಮತ್ತು ಶೆಫೀಲ್ಡ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಟೋನಿ ರಯಾನ್ 2010ರ ಸುಮಾರಿಗೆ ಒಂದು ವಿಚಾರವನ್ನು ಮುಂದಿಟ್ಟರು. ಟೈಟಾನಿಯಂ ಡೈಆಕ್ಸೈಡಿನ ಅತಿಸೂಕ್ಷ್ಮ ಕಣಗಳು ಬೆಳಕು ಬಿದ್ದಾಗ ವಾಹನಗಳ ಹೊಗೆಯಲ್ಲಿರುವ ನೈಟ್ರೊಜನ್ ಆಕ್ಸೈಡುಗಳನ್ನು ಮಾರ್ಪಡಿಸಬಲ್ಲವು. ಬಟ್ಟೆ ಒಗೆಯುವಾಗಲೇ ಈ ಕಣಗಳನ್ನು ಅದಕ್ಕೆ ಹತ್ತಿಸಿದರೆ, ಬೀದಿಯಲ್ಲಿ ನಡೆಯುವ ಪ್ರತಿಯೊಬ್ಬನೂ ನಡೆಯುತ್ತ ನಡೆಯುತ್ತಲೇ ಗಾಳಿಯನ್ನು ಶುದ್ಧಿಮಾಡಬಹುದಲ್ಲವೆ? 2014ರಲ್ಲಿ ರಯಾನ್ ಅವರೊಡನೆ ಕವಿ ಸೈಮನ್ ಆರ್ಮಿಟೇಜ್ ಸೇರಿದರು. ಗಾಳಿಯನ್ನು ಸ್ತುತಿಸುವ ಅವರ ಕವಿತೆಯನ್ನು ಈ ಕಣಗಳನ್ನು ಲೇಪಿಸಿದ, 10 ಮೀಟರ್ ಅಗಲ 20 ಮೀಟರ್ ಎತ್ತರದ ಪಟದ ಮೇಲೆ ಮುದ್ರಿಸಿ ಶೆಫೀಲ್ಡಿನ ಕಟ್ಟಡವೊಂದಕ್ಕೆ ತೂಗುಹಾಕಲಾಯಿತು. ದಿನಕ್ಕೆ ಸುಮಾರು 20 ಕಾರುಗಳ ಮಾಲಿನ್ಯವನ್ನು ಅದು ಹೀರಬಲ್ಲುದೆಂದು ಅಂದಾಜು ಮಾಡಿದ್ದರು. ಕಾವ್ಯಪ್ರಯೋಜನವನ್ನು ಕುರಿತು ಬರೆದ ನಮ್ಮ ಆಲಂಕಾರಿಕರು ಇಂಥದೊಂದು ಪ್ರಯೋಜನವನ್ನು ಊಹಿಸಿರಲಾರರು!

ಇಷ್ಟಾದರೂ ಆ ಪುಡಿ ಮನೆಮನೆಯ ಸರಕಾಗಲಿಲ್ಲ. ತೊಡಕು ರಸಾಯನವಿಜ್ಞಾನದ್ದಷ್ಟೇ ಆಗಿರಲಿಲ್ಲ. ನಾನು ತೊಟ್ಟ ಅಂಗಿಯಿಂದ ಶುದ್ಧವಾಗುವುದು ನನ್ನ ಹಿಂದೆ ಬರುವವನ ಗಾಳಿ. ಎಲ್ಲರೂ ತೊಟ್ಟರಷ್ಟೇ ನನಗೂ ಲಾಭ. ಪರರಿಗಾಗಿ ಹಣ ಕೊಟ್ಟು ಕೊಳ್ಳುವ ಮನಸ್ಸನ್ನು ಹುಟ್ಟಿಸುವುದು ಪ್ರಯೋಗಶಾಲೆಯ ಕೆಲಸವಲ್ಲ. ಕವಿಯ ನೆರವು ಬೇಕಾದದ್ದು ಇಲ್ಲಿ.

ಮೂರನೆಯದು ನಮ್ಮ ದೇಶದ್ದೇ. ಅಹಮದಾಬಾದಿನ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕ ಪದವಿಯನ್ನು ತಾವಾಗಿಯೇ ಬಿಟ್ಟುಕೊಟ್ಟಿದ್ದ ರವಿ ಮಥಾಯಿ ಅವರು, 1975ರಲ್ಲಿ ಅದೇ ನಗರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೊಡನೆ ಕೂಡಿ, ರಾಜಸ್ಥಾನದಲ್ಲಿ ಆಗ ಅಜ್ಮೀರ್ ಜಿಲ್ಲೆಗೆ ಸೇರಿದ್ದ ಜವಾಜ ಎಂಬ ಬರಪೀಡಿತ ಪ್ರದೇಶಕ್ಕೆ ಹೋದರು. ಅಲ್ಲಿ ನೀರಿಲ್ಲ, ಬೆಳೆಯಿಲ್ಲ. ಸಂಪತ್ತೆಂದರೆ ಜನರು ಮಾತ್ರ. ಆ ಜನರಲ್ಲಿ ನೇಕಾರರೂ ಚರ್ಮದ ಕೆಲಸದವರೂ ಇದ್ದರು. ಅವರ ಕೈಯಲ್ಲಿ ವಿದ್ಯೆಯಿತ್ತು. ಆದರೆ ಜಾತಿ ಅವರನ್ನು ದೂರವಿಟ್ಟಿತ್ತು, ದಲ್ಲಾಳಿ ಹತ್ತಿರವಿಟ್ಟುಕೊಂಡಿದ್ದ. ವಿನ್ಯಾಸ ಸಂಸ್ಥೆಯವರು ಅವರೊಡನೆ ಕುಳಿತು, ದೂರದ ಪೇಟೆಯಲ್ಲಿ ಬೆಲೆಬಾಳುವ ನೆಲಹಾಸುಗಳನ್ನೂ ಚರ್ಮದ ಚೀಲಗಳನ್ನೂ ರೂಪಿಸಿದರು. ಲೆಕ್ಕವಿಡುವುದು, ಬ್ಯಾಂಕಿನೊಡನೆ ವ್ಯವಹರಿಸುವುದು, ಬೆಲೆ ಕಟ್ಟುವುದು ಇವೆಲ್ಲ ಅಲ್ಲಿ ಪಾಠಗಳಾದವು. ಈ ಪ್ರಯೋಗವನ್ನು ಮಥಾಯಿ ‘ಗ್ರಾಮೀಣ ವಿಶ್ವವಿದ್ಯಾಲಯ’ವೆಂದು ಕರೆದರು. ಹೊರಗಿನಿಂದ ಬಂದ ಗುರು ಒಂದು ದಿನ ಅನಗತ್ಯನಾಗಬೇಕು ಎಂಬುದು ಅದರ ಗುರಿ. 1984ರಲ್ಲಿ ಮಥಾಯಿ ತೀರಿಕೊಂಡರು. ಕುಶಲಕರ್ಮಿಗಳು ಕಟ್ಟಿಕೊಂಡ ಒಕ್ಕೂಟ ಅವರ ಕಾಲದ ಅನಂತರವೂ ದಶಕಗಳ ಕಾಲ ನಡೆದುಬಂದಿತು.

ಈ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಕಲೆಯವರನ್ನು ಕೆಲಸವೆಲ್ಲ ಮುಗಿದ ಮೇಲೆ ಭಿತ್ತಿಪತ್ರ ಬರೆಯಲು ಕರೆದರೆ ಅವರು ಬಣ್ಣವನ್ನಷ್ಟೇ ಕೊಡಬಲ್ಲರು. ಮೊದಲೇ ಕರೆದರೆ ಪ್ರಶ್ನೆಯೇ ಬದಲಾಗುತ್ತದೆ. ದಾದಿ ಏಕೆ ನಿಯಮ ಮುರಿಯುತ್ತಾಳೆ ಎನ್ನುವಲ್ಲಿ ಬಾಗಿಲು ಏಕೆ ಹೀಗಿದೆ ಎಂದಾಗುತ್ತದೆ. ಇವರಿಗೆ ಏನನ್ನು ಕೊಡೋಣ ಎನ್ನುವಲ್ಲಿ ಇವರಲ್ಲಿ ಏನಿದೆ ಎಂದಾಗುತ್ತದೆ. ನೋಡುವುದನ್ನು ಕಲಿಸುವುದೇ ಕಲಾಶಿಕ್ಷಣದ ತಿರುಳಾದ್ದರಿಂದ ಇದು ಸಹಜ.

ನಮ್ಮ ಎಷ್ಟೋ ಊರುಗಳಲ್ಲಿ ವೈದ್ಯಕೀಯ ಕಾಲೇಜೂ ಚಿತ್ರಕಲಾ ಶಾಲೆಯೂ ಕೂಗಳತೆಯ ದೂರದಲ್ಲಿವೆ. ಒಂದರವರು ಇನ್ನೊಂದರ ಬಾಗಿಲನ್ನು ತಟ್ಟಿದ್ದು ಅಪರೂಪ. ಇಂಥ ಕಾರ್ಯಕ್ಕೆ ಹಣ ಬೇಕು, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಪಾತ್ರೆಯ ಯೋಜನೆ ಸೋತಿತೆಂದು ಆರ್ಚರ್ ಕೈಬಿಟ್ಟಿದ್ದರೆ ಆ ಮಂಚ ಬರುತ್ತಿರಲಿಲ್ಲ. ಆಗ ನೋಯುತ್ತಿದ್ದುದು ದಾದಿಯರ ಬೆನ್ನು; ಅದರ ಲೆಕ್ಕ ಯಾವ ಆಯವ್ಯಯ ಪತ್ರದಲ್ಲಿಯೂ ಬರುತ್ತಿರಲಿಲ್ಲ.