ಗುದ್ದಲಿ ಹಿಡಿದ ಕೈ ಸಲಹೆ ಹೇಳುವುದಾದರೆ

ತೋಟಕ್ಕೆ ನೀರು ಮಾಡಿಕೊಳ್ಳಬೇಕೆಂದು ಹೊರಟ ಕೃಷಿಕನು ಯಾರು ಯಾರಿಗೆ ಹಣ ಎಣಿಸುತ್ತಾನೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಕೊಳವೆಬಾವಿಯ ಯಂತ್ರದವನಿಗೆ ಅಡಿಯ ಲೆಕ್ಕದಲ್ಲಿ ಕೊಡಬೇಕು. ನೀರು ಬಂದರೂ ಅಷ್ಟೆ, ಬರಿಯ ಧೂಳು ಬಂದರೂ ಅಷ್ಟೆ. ಪೈಪಿನವನಿಗೆ ಬೇರೆ, ಪಂಪಿನವನಿಗೆ ಬೇರೆ. ಯಂತ್ರವನ್ನು ಕರೆತಂದ ದಲ್ಲಾಳಿಗೂ ಏನೋ ಸಲ್ಲುತ್ತದೆ. ಆದರೆ ಬಿಸಿಲಿನಲ್ಲಿ ಗುಡ್ಡೆ ಸುತ್ತಿ, “ಇಲ್ಲಿ ಬೇಡ ಅಣ್ಣ, ಆ ಉಪ್ಪಳಿಗೆ ಮರದ ಹತ್ತಿರ ನೋಡಿ” ಎಂದು ಹೇಳಿಹೋದ ಮುದುಕನಿಗೆ ಏನು ಸಿಕ್ಕಿತು? ಒಂದು ಲೋಟ ಮಜ್ಜಿಗೆ, ಒಂದು ಸುತ್ತು ಎಲೆ ಅಡಿಕೆ. ಹೇಳುವ ಮಾತಿಗೂ ಬೆಲೆ ಉಂಟೆಂಬ ಯೋಚನೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಹಾಗಿದ್ದೂ ಮಾರ್ಚಿ ತಿಂಗಳಿಗೆ ಗುಡ್ಡೆಯ ಮೇಲಿನ ತೋಟಗಳು ಬಾಯಾರುತ್ತವೆ. ಮುರಕಲ್ಲಿನ ನೆಲ ನೀರನ್ನು ಕುಡಿದು ಒಳಗೆ ಇಳಿಸಿಬಿಡುತ್ತದೆ. ಆ ಒಳಗಿನ ನೀರನ್ನು ಪಂಪಿಲ್ಲದೆ, ವಿದ್ಯುತ್ತಿಲ್ಲದೆ ಹೊರಗೆ ಹರಿಸುವ ಉಪಾಯವೇ ಸುರಂಗ. ಒಬ್ಬ ಮನುಷ್ಯನು ನುಗ್ಗುವಷ್ಟು ಅಗಲ, ಆಳೆತ್ತರ, ಗುಡ್ಡೆಯ ಹೊಟ್ಟೆಯೊಳಗೆ ನೀರು ಸಿಗುವ ತನಕ ಉದ್ದ. ಕೋಲಿನ ಲೆಕ್ಕದಲ್ಲಿ ತೋಡುತ್ತಾರೆ. ಕೋಲೆಂದರೆ ಸುಮಾರು 72 ಸೆಂಟಿಮೀಟರ್. ನೀರು ತಾನಾಗಿ ಹರಿದು ಬಂದು ಮುಂದಿನ ಮಣ್ಣಿನ ಕೆರೆಯಲ್ಲಿ ನಿಲ್ಲುತ್ತದೆ. ಇರಾನ್ ದೇಶದಲ್ಲಿ ‘ಕನಾತ್’ ಎಂಬ ಇಂತಹುದೇ ನೆಲದಡಿಯ ಕಾಲುವೆಗಳಿವೆ. ಅವುಗಳನ್ನು 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಕೆಲಸಕ್ಕೆ ಯಾವ ಕಾಲೇಜೂ ಇಲ್ಲ. ಕುಂಡಂಕುಯಿಯ ಕುಂಞಂಬು ಅವರು ಹದಿಹರೆಯದಲ್ಲೇ ಪಿಕ್ಕಾಸು ಹಿಡಿದು ಸುಮಾರು ಐವತ್ತು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಸುರಂಗ ತೋಡಿದವರೆಂದು ಪತ್ರಿಕೆಗಳು ಬರೆದಿವೆ. ಕೈಯಲ್ಲಿ ಪಿಕ್ಕಾಸು, ಜೊತೆಗೊಂದು ಮೇಣದ ಬತ್ತಿ. ಬತ್ತಿ ನಂದಿತೆಂದರೆ ಒಳಗೆ ಉಸಿರಿಗೆ ಗಾಳಿ ಸಾಲದೆಂದು ಅರ್ಥ, ಕೂಡಲೇ ಹೊರಗೆ ಬರಬೇಕು. ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿಯಾಗಿದ್ದವರು. ದೊರೆತ ಬೋಳುಗುಡ್ಡೆಯಲ್ಲಿ ದಿನದ ಕೂಲಿ ಮುಗಿಸಿ ಬಂದು ಒಬ್ಬರೇ ತೋಡಿದರು. ಐದು ಸುರಂಗಗಳು ಬರಿದೇ ಹೋದವು. ಅವರು ಬಿಡಲಿಲ್ಲ, ಕೊನೆಗೆ ನೀರು ಬಂತು, ಗುಡ್ಡೆ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದುದನ್ನು ಓದುಗರೆಲ್ಲ ಬಲ್ಲರು.

ಆ ಬರಿದೇ ಹೋದ ಐದು ಸುರಂಗಗಳ ಬಗ್ಗೆ ನಮಗೆ ವಿಶೇಷ ಗೌರವವಿದೆ. ಎಲ್ಲಿ ನೀರಿಲ್ಲವೆಂಬುದನ್ನು ಮೈಮುರಿದು ಕಲಿತವನಷ್ಟು ಒಳ್ಳೆಯ ಸಲಹೆಗಾರ ಬೇರೆ ಯಾರು? ಹಳೆಯ ತೋಡುಗಾರರು ಧೂಪದ ಮರ, ಬಸರಿ, ಉಪ್ಪಳಿಗೆಗಳನ್ನು ನೋಡಿ, ಮಣ್ಣಿನ ಬಣ್ಣ ನೋಡಿ, ಇಳಿಜಾರು ನೋಡಿ ಜಾಗ ಹೇಳುತ್ತಾರೆ. ಅರುವತ್ತು ದಾಟಿದ ಮೇಲೆ ಸೊಂಟ ಬಗ್ಗುವುದಿಲ್ಲ, ತೋಡುವ ಕೆಲಸ ನಿಲ್ಲುತ್ತದೆ. ಆದರೆ ಕಣ್ಣು ನಿಲ್ಲುವುದಿಲ್ಲವಲ್ಲ! ತೋಡುವ ಕೂಲಿಯು ನೋಡುವ ಸಂಭಾವನೆಯಾಗಿ ಬದಲಾಗಬೇಕಾದುದು ಅಲ್ಲಿಯೇ. ಹಾಗಾಗದಿರುವುದರಿಂದ ಮಗನು ಮಂಗಳೂರಿಗೋ ಕೊಲ್ಲಿಗೋ ಹೋಗುತ್ತಾನೆ, ವಿದ್ಯೆ ಅಪ್ಪನೊಡನೆ ಮುಗಿಯುತ್ತದೆ.

ಕೃಷಿ ಕಲಿತವರು ಸಲಹೆಯನ್ನೇ ಉದ್ಯೋಗ ಮಾಡಿಕೊಳ್ಳಲೆಂದು 2002ರಲ್ಲಿ ಕೇಂದ್ರ ಸರಕಾರ ಅಗ್ರಿ ಕ್ಲಿನಿಕ್ ಯೋಜನೆಯನ್ನು ತಂದಿತು. ಅದು ಒಳ್ಳೆಯದೇ. ಆದರೆ ಪಿಕ್ಕಾಸಿನಿಂದ ಕಲಿತವನು ಆ ಬಾಗಿಲಿನಿಂದ ಒಳಗೆ ಹೋಗಲಾರ. ಅವನು ತನ್ನ ಬಾಗಿಲನ್ನು ತಾನೇ ತೋಡಿಕೊಳ್ಳಬೇಕು. ಹಾಗೆ ತೋಡಿಕೊಂಡವರು ನಮ್ಮಲ್ಲಿಯೇ ಇದ್ದಾರೆ. ಬೆಳ್ಳೂರು ಪಂಚಾಯತಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು ‘ರಾಜಕಯಮೆ’ ಎಂಬ ಭತ್ತದಿಂದ ಆರಂಭಿಸಿ 650ಕ್ಕೂ ಹೆಚ್ಚು ತಳಿಗಳನ್ನು ಉಳಿಸಿದ್ದಾರೆ, ಅದೂ ಬಹುಮಟ್ಟಿಗೆ ಮಣ್ಣು ತುಂಬಿದ ಚೀಲಗಳಲ್ಲಿ. 2024ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಬೀಜ ಕೇಳುವವರೂ ವಿಚಾರ ತಿಳಿಯುವವರೂ ಅವರ ಮನೆ ಹುಡುಕಿ ಬರುತ್ತಾರೆ. ವಾಣಿನಗರದ ಶ್ರೀಪಡ್ರೆಯವರು ಓದಿದ್ದು ಸಸ್ಯಶಾಸ್ತ್ರ, ಮಾಡಿದ್ದು ಅಡಿಕೆ ಕೃಷಿ. ಜಲತಜ್ಞನೆಂಬ ಪದವಿಯನ್ನು ಯಾವ ವಿಶ್ವವಿದ್ಯಾನಿಲಯವೂ ಅವರಿಗೆ ಕೊಟ್ಟುದಲ್ಲ. ಊರೂರು ತಿರುಗಿ, ಕಂಡುದನ್ನು ಬರೆದು, ಮಳೆಕೊಯ್ಲಿನ ವಿಚಾರದಲ್ಲಿ ಬೇರೆ ರಾಜ್ಯದವರೂ ಕೇಳುವಂತಾದರು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು.

ಇಬ್ಬರಲ್ಲೂ ಸಮಾನವಾದುದು ದಾಖಲೆ. ತಳಿಯ ಹೆಸರು ಬರೆದಿಡದಿದ್ದರೆ 650 ಚೀಲಗಳು ಬರಿಯ ಹುಲ್ಲು! ಸುರಂಗದವರಲ್ಲಿ ಕೊರತೆಯಿರುವುದು ಇದೊಂದೇ. ಯಾವ ಗುಡ್ಡೆ, ಯಾವ ಮುಖ, ಎಷ್ಟನೆಯ ಕೋಲಿಗೆ ಪಸೆ ಕಂಡಿತು, ಯಾವುದು ಬರಿದಾಯಿತು ಎಂಬುದೆಲ್ಲ ತಲೆಯೊಳಗೆ ಇದೆ. ಅಕ್ಷರ ಬಾರದವರಾದರೆ ನಮ್ಮ ಕನ್ನಡ ಶಾಲೆಗಳ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ರಜೆಯಲ್ಲಿ ಕುಳಿತು ಬರೆಯಬಹುದು. ಇನ್ನೂರು ಪುಟದ ಒಂದು ಪುಸ್ತಕ ಸಾಕು. ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ, ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಯಬೇಕೆಂಬುದು. ತಿಳಿದಿರುವುದು ಒಂದು ವಿದ್ಯೆ, ತಿಳಿಯಹೇಳುವುದು ಇನ್ನೊಂದು. “ನನಗೆ ಹಾಗೆ ಅನಿಸುತ್ತದೆ” ಎಂದರೆ ಕೇಳುವವನು ಹಣ ಬಿಚ್ಚುವುದಿಲ್ಲ. “ಇದೇ ಇಳಿಜಾರಿನಲ್ಲಿ ನೆರೆಮನೆಯವರಿಗೆ ಮೂವತ್ತನೆಯ ಕೋಲಿಗೆ ಪಸೆ ಬಂತು, ಅಲ್ಲಿಯ ಮುರಕಲ್ಲೂ ಇದೇ” ಎಂದರೆ ಕುರ್ಚಿ ಎಳೆದು ಹತ್ತಿರ ಕೂರುತ್ತಾನೆ.

ಸಂಭಾವನೆ ಎಷ್ಟೆಂಬುದು ನಾಚಿಕೆಯ ಪ್ರಶ್ನೆಯಾಗಿಬಿಟ್ಟಿದೆ. ನಮ್ಮ ಅಭಿಪ್ರಾಯದಲ್ಲಿ, ಅಡಿಕೆ ಕೊಯ್ಲಿನವನ ಒಂದು ದಿನದ ಮಜೂರಿಗಿಂತ ಕಡಿಮೆ ಆಗಬಾರದು. ನೀರು ಬಂದರೆ ಮಾತ್ರ ಕೊಡುತ್ತೇವೆಂಬ ಕರಾರಂತೂ ಖಂಡಿತ ಬೇಡ. ತೋಡಿಸಿದರೆ ಮಾತ್ರ ಹಣವೆಂದಾದರೆ, ಯಾವನೂ “ತೋಡಬೇಡಿ” ಎನ್ನಲಾರ. ದಲ್ಲಾಳಿಗೂ ಸಲಹೆಗಾರನಿಗೂ ಇರುವ ವ್ಯತ್ಯಾಸ ಇಷ್ಟೆ. “ಈ ಗುಡ್ಡೆಯ ಮಣ್ಣು ಸಡಿಲ, ಕುಸಿದೀತು, ಸುರಂಗ ಬೇಡ, ಮೇಲೆ ಇಂಗುಗುಂಡಿ ಮಾಡಿ, ಮಳೆನೀರು ನಿಲ್ಲಿಸಿ” ಎಂಬ ಮಾತು ಲಕ್ಷ ರೂಪಾಯಿ ಉಳಿಸಬಲ್ಲದು, ಜೀವವನ್ನೂ ಉಳಿಸಬಲ್ಲದು. ಅದಕ್ಕೇ ಹಣ ಕೊಡಬೇಕು. ಅಂತೆಯೇ ಸಲಹೆ ಹೇಳುವವನು ಪೈಪು, ಪಂಪು ಮಾರಾಟಕ್ಕೆ ಕೈಹಾಕಬಾರದು; ಯಂತ್ರದವನಿಂದ ಒಂದು ಚಹಾ ಕುಡಿದರೂ ಸಂಶಯ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಕೃಷಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಆದರೆ ಸಲಹೆಯ ಸಂಭಾವನೆ ಕೃಷಿ ಆದಾಯವಲ್ಲ. ನಮ್ಮ ತೋಡುಗಾರರ ಗಳಿಕೆ ಆ ಮಿತಿಯ ಹತ್ತಿರಕ್ಕೂ ಹೋಗದೆನ್ನಿ! ಆದರೂ ಎರಡು ಲೆಕ್ಕ ಬೇರೆ ಬೇರೆ ಇಟ್ಟರೆ ಒಳ್ಳೆಯದು.

ಗುಡ್ಡೆ ತೋರಿಸಲು ತಕ್ಕ ಕಾಲ ಫೆಬ್ರವರಿಯಿಂದ ಮೇ. ಮಳೆಗಾಲದಲ್ಲಿ ಎಲ್ಲ ಮಣ್ಣೂ ಒದ್ದೆಯೇ. ಬೇಸಗೆಯಲ್ಲಿ ಕಂಡ ಪಸೆ ಮಾತ್ರ ನಂಬತಕ್ಕದ್ದು. ನಿಮ್ಮ ಊರಿನಲ್ಲಿ ಅಂತಹ ಹಿರಿಯರಿದ್ದರೆ ಈ ಬೇಸಗೆಯಲ್ಲಿ ಕರೆಸಿ, ಹಣದ ಮಾತನ್ನು ಮೊದಲೇ ಮುಗಿಸಿ, ಜೊತೆಗೆ ಬರೆದುಕೊಳ್ಳಲು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಳುಹಿಸಿ. ಬೆಳಗ್ಗೆ ಏಳರೊಳಗೆ ಹೊರಟರೆ ಬಿಸಿಲೇರುವ ಮೊದಲು ಒಂದು ಗುಡ್ಡೆ ಮುಗಿಯುತ್ತದೆ.