ಮಳೆ ಕಾಣದ ಬಿತ್ತನೆ

ಬೇವೂರಿನ ಮನೆಯಲ್ಲಿ ಅವ್ವ ನನ್ನನ್ನು ‘ಯಾರಪ್ಪಾ ನೀನು?’ ಎಂದು ಕೇಳಿದಂದು, ಮುಪ್ಪಿನ ಮರೆವೆಂದು ಸುಮ್ಮನಾದೆ. ಆ ಮರೆವಿನ ಮೂಲವನ್ನು ಅರಸುವವರಿಗೆ ಹಣ ಕೊಡುವವರು ವಿರಳ. ಫಲ ದೊರೆತೀತೆಂಬ ಭರವಸೆಯಿಲ್ಲ, ದೊರೆತರೂ ದಶಕಗಳು ಬೇಕು. ದಾನಿಗೆ ಛತ್ರವೇ ಲೇಸು, ಹೆಸರು ಬೇಗ ಕಾಣುತ್ತದೆ!

ಆದರೂ 2014ರಲ್ಲಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಲು ಹತ್ತು ವರ್ಷಗಳಿಗೆ 225 ಕೋಟಿ ರೂಪಾಯಿಗಳ ವಾಗ್ದಾನವಿತ್ತಿತು. ಅಲ್ಲಿಯ ಸಂಶೋಧಕರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ತುಂಬಿದ, ಇನ್ನೂ ಮರೆವಿನ ರೋಗ ತಾಗದ 10,000 ಜನರನ್ನು ಮತ್ತೆ ಮತ್ತೆ ಪರೀಕ್ಷಿಸಲು ಹೊರಟರು. ಮಳೆಯ ಖಾತ್ರಿಯಿಲ್ಲದೆ ಕೂರಿಗೆ ಹೂಡುವ ಊರಿನವನಾದ ನನಗೆ ಆ ಧೈರ್ಯ ಅರ್ಥವಾಗುತ್ತದೆ.

ಮೊನ್ನೆ ಅವ್ವ ಎದ್ದು ನಿಂತು, ‘ಬರ್ರಿ ಮಾಸ್ತರ, ಕೂಡ್ರಿ’ ಎಂದಳು.